ಲೆವಿ ಕಾಲದ ಗೋದಾಮನ್ನು ಹೊಕ್ಕು ನೋಡುವ ಮುನ್ನ

ಚಿತ್ರದುರ್ಗ, ದಾವಣಗೆರೆ ಸೀಮೆಯಲ್ಲಿ ಪಾಳುಬಿದ್ದ ಧಾನ್ಯದ ಗೋದಾಮನ್ನು ತೋರಿಸಿ, ಅದು ಲೆವಿ ಕಾಲದ್ದೆಂದು ಹಿರಿಯರು ಹೇಳುವುದುಂಟು. 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋದ ಮೇಲೆ, ರೈತರಿಂದ ಧಾನ್ಯವನ್ನು ಲೆವಿಯಾಗಿ, ಅಂದರೆ ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಾದ ಪಾಲಾಗಿ, ಪಡೆದು ಪಡಿತರದಲ್ಲಿ ಹಂಚುವ ಏರ್ಪಾಡು ಮೈಸೂರು ಸಂಸ್ಥಾನಕ್ಕೂ ಬಂದಿತ್ತು. ಹಳೆಯ ಕಟ್ಟಡಗಳ ದೃಢತೆಯನ್ನು ಪರೀಕ್ಷಿಸುವ ಸಿವಿಲ್ ಎಂಜಿನಿಯರನಾದ ನಾನು ಹಿರಿಯರ ಮಾತನ್ನು ತಳ್ಳಿಹಾಕುವುದಿಲ್ಲ, ಆದರೆ ಅದಕ್ಕೆ ಗೋಡೆಯ ಸಾಕ್ಷಿಯನ್ನೂ ಕೇಳುತ್ತೇನೆ.

ಸುಣ್ಣದ ಗಾರೆ ಕಂಡೊಡನೆ ಕಟ್ಟಡ ಬಹಳ ಪುರಾತನವೆಂದು ತೀರ್ಮಾನಿಸುವುದು ಅವಸರದ ಮಾತು. ಯುದ್ಧಕಾಲದಲ್ಲಿ ಸಿಮೆಂಟು ಮತ್ತು ಉಕ್ಕು ಸರ್ಕಾರದ ನಿಯಂತ್ರಣಕ್ಕೆ ಒಳಪಟ್ಟಿದ್ದುದರಿಂದ ಸುಣ್ಣ, ಮರದ ತೊಲೆ, ಮಂಗಳೂರು ಹೆಂಚುಗಳೇ ಅನೇಕ ಕಡೆ ಆಸರೆಯಾದವು. ನೆಲಗಟ್ಟು ಎತ್ತಿನ ಬಂಡಿಯ ಹಲಗೆಯ ಮಟ್ಟಕ್ಕಿದ್ದರೆ ಅಲ್ಲಿ ಚೀಲಗಳನ್ನು ಇಳಿಸುತ್ತಿದ್ದರೆಂದು ಊಹಿಸಬಹುದು. ಗೋಡೆಗೆ ಹೊರಗಿನಿಂದ ಒತ್ತುಗಂಬಗಳಿದ್ದರೆ ಧಾನ್ಯವನ್ನು ಚೀಲವಿಲ್ಲದೆ ರಾಶಿಯಾಗಿಯೇ ಸುರಿಯುತ್ತಿದ್ದಿರಬಹುದು, ಏಕೆಂದರೆ ಸಡಿಲ ಧಾನ್ಯ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಕಡತ ಹುಡುಕುವವರು ಒಂದನ್ನು ನೆನಪಿಡಬೇಕು: ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಈಗಿನ ಒಡೆಯರು ಯಾರೆಂಬುದನ್ನು ಪಹಣಿ ತಿಳಿಸುತ್ತದೆ. ಅವರ ಒಪ್ಪಿಗೆಯಿಲ್ಲದೆ ಒಳಹೋಗಕೂಡದು.

ಒಳಗೆ ಹೋದವರೆಲ್ಲ ಸೂರನ್ನು ನೋಡುತ್ತಾರೆ. ಅದು ಸರಿಯೇ, ತೊಲೆಯ ತುದಿ ಗೋಡೆಯೊಳಗೆ ಕೂತಿರುವಲ್ಲಿ ತೇವ ನಿಂತು ಗೆದ್ದಲು ಹಿಡಿದಿರುತ್ತದೆ, ಹೊರಗೆ ಮಾತ್ರ ಮರ ಗಟ್ಟಿಯಾಗಿ ಕಾಣುತ್ತದೆ. ಆದರೆ ನನಗೆ ಹೆಚ್ಚು ಭಯವಿರುವುದು ನೆಲದ ಬಗ್ಗೆ. ನಮ್ಮ ಬಯಲುಸೀಮೆಯಲ್ಲಿ ರಾಗಿ, ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದಡಿ ತೋಡಿದ ಧಾನ್ಯದ ಗುಂಡಿಯಲ್ಲಿ, ತುಂಬಿಡುವುದು ಹಳೆಯ ರೂಢಿಯಾದ್ದರಿಂದ, ಗೋದಾಮಿನ ಒಳಗೋ ಅಂಗಳದಲ್ಲೋ ಬಾಯಿಗೆ ಚಪ್ಪಡಿ ಮುಚ್ಚಿ ಮರೆತುಬಿಟ್ಟ ಹಗೇವು ಇರಬಹುದು. ಧಾನ್ಯ ಉಸಿರಾಡುತ್ತದೆ, ಕೊಳೆತರೆ ಇನ್ನೂ ಹೆಚ್ಚು. ಆಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾಗಿ ತಳದಲ್ಲಿ ನಿಲ್ಲುತ್ತದೆ. ಲಾಟೀನು ಇಳಿಬಿಟ್ಟು ನೋಡುವ ಹಿರಿಯರ ಪದ್ಧತಿ ಒಳ್ಳೆಯದಾದರೂ ಸಾಲದು. ದೀಪ ಆರಬೇಕಾದರೆ ಆಮ್ಲಜನಕ ಶೇಕಡಾ 21ರಿಂದ ಸುಮಾರು 16ಕ್ಕೆ ಇಳಿಯಬೇಕು. ಅಷ್ಟರೊಳಗೆ ಇಂಗಾಲದ ಡೈಆಕ್ಸೈಡ್ ಶೇಕಡಾ 4ನ್ನು ದಾಟಿರಬಹುದು, ಅದು ಮನುಷ್ಯನ ಪ್ರಾಣಕ್ಕೇ ಸಂಚಕಾರ. ಅನಿಲಮಾಪಕವಿಲ್ಲದೆ ಹಗೇವಿಗೆ ಇಳಿಯಬಾರದು. ಒಬ್ಬರು ಒಳಗೆ ಕುಸಿದರೆ ಇನ್ನೊಬ್ಬರು ಎತ್ತಲು ಧುಮುಕದೆ ಅಗ್ನಿಶಾಮಕ ದಳವನ್ನು ಕರೆಯಬೇಕು.

ಕೊನೆಯದಾಗಿ ಮೂಲೆಗಳನ್ನು ನೋಡಬೇಕು. ಯುದ್ಧ ಮುಗಿದ ನಂತರವೂ ಇಂಥ ಗೋದಾಮುಗಳನ್ನು ಗೊಬ್ಬರ, ಕೀಟನಾಶಕಗಳಿಗೆ ಬಳಸಿದ್ದಿದೆ. ಹಳೆಯ ಡಬ್ಬದಲ್ಲಿ ಉಳಿದ ಬಿಳಿ ಪುಡಿ, ದೇಶದಲ್ಲಿ 1997ರಲ್ಲಿ ನಿಷೇಧಗೊಂಡ ಬಿಎಚ್‌ಸಿ, ಅಂದರೆ ಜನ ಗಮೇಕ್ಸಿನ್ ಎನ್ನುವ ಪುಡಿಯೂ ಆಗಿರಬಹುದು. ಅದನ್ನು ಮುಟ್ಟದೆ, ಗುಡಿಸಿ ಧೂಳೆಬ್ಬಿಸದೆ, ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಬೇಕು.