ಆಷಾಢದ ಗಾಳಿ ಮತ್ತು ಸೊಮಾಲಿಯಾದ ಕಡಲ್ಗಳ್ಳರು

ಆಷಾಢದಲ್ಲಿ ಚಿತ್ರದುರ್ಗದ ಜೋಗಿಮಟ್ಟಿಯ ನೆತ್ತಿಯ ಮೇಲೆ ನಿಂತರೆ ಪಕ್ಕದಲ್ಲಿದ್ದವರ ಮಾತೂ ಕೇಳಿಸುವುದಿಲ್ಲ. ಗಾಳಿ ಅದನ್ನು ಬಾಯಿಂದಲೇ ಕಿತ್ತುಕೊಂಡು ಹೋಗುತ್ತದೆ. ಸುತ್ತಲಿನ ಗುಡ್ಡಗಳ ಮೇಲೆ ವಿದ್ಯುತ್ ತಯಾರಿಸುವ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತಿರುತ್ತವೆ. ದಾವಣಗೆರೆಯ ಕೆಲವು ಪಿಯುಸಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದಾಗ ಒಬ್ಬ ಹುಡುಗಿ ಕೇಳಿದಳು: "ಸರ್, ಇಷ್ಟು ಗಾಳಿ ಎಲ್ಲಿಂದ ಬರುತ್ತದೆ?" ಸೊಮಾಲಿಯಾದ ಕಡೆಯಿಂದ ಎಂದೆ. "ಕಡಲ್ಗಳ್ಳರ ದೇಶವೇ?" ಹೌದು, ಇದೇ ಗಾಳಿ ಈಗ ಅಲ್ಲಿ ಆ ಕಳ್ಳರ ದೋಣಿಗಳನ್ನು ದಡಕ್ಕೆ ಕಟ್ಟಿಹಾಕಿದೆ ಎಂದೆ. ಯಾರೂ ನಂಬಲಿಲ್ಲ. ಗುಡ್ಡದ ಮೇಲೆ ಕೂಗಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೇಸಿಗೆಯಲ್ಲಿ ನಮ್ಮ ನೆಲ ಕಾಯುತ್ತದೆ, ಅದರ ಮೇಲಿನ ಗಾಳಿಯ ಒತ್ತಡ ಇಳಿಯುತ್ತದೆ. ಸಮಭಾಜಕ ವೃತ್ತದ ದಕ್ಷಿಣದಲ್ಲಿ, ಮಡಗಾಸ್ಕರ್‌ನ ಆಚೆಗಿನ ತಣ್ಣನೆಯ ಕಡಲಿನ ಮೇಲೆ ಗಾಳಿಯ ಒತ್ತಡ ಹೆಚ್ಚಿರುತ್ತದೆ. ಅಲ್ಲಿಂದ ಹೊರಟ ಗಾಳಿ ಆಫ್ರಿಕಾದತ್ತ ನುಗ್ಗಿದರೆ ಎದುರಿಗೆ ಕೀನ್ಯಾ ಮತ್ತು ಇಥಿಯೋಪಿಯಾದ ಎತ್ತರದ ನಾಡು. ಭದ್ರಾ ನಾಲೆಯಲ್ಲಿ ತೂಬು ಎತ್ತಿದಾಗ ನೀರು ಏರಿಗೆ ಬಡಿದು, ಏರಿಯನ್ನೇ ಹಿಡಿದುಕೊಂಡು ಜೋರಾಗಿ ಓಡುವುದನ್ನು ನೋಡಿದ್ದೀರಲ್ಲ, ಈ ಗಾಳಿಯದೂ ಅದೇ ಕಥೆ. ಪರ್ವತದ ಗೋಡೆಯನ್ನು ದಾಟಲಾಗದೆ ಅದರ ಬುಡವನ್ನೇ ಹಿಡಿದು ಉತ್ತರಕ್ಕೆ ಹರಿಯುತ್ತದೆ. ಅಗಲವಾದ ಬಯಲಿನಲ್ಲಿ ನಿಧಾನವಾಗಿ ಬರುವ ಜಾತ್ರೆಯ ಜನ ದೇವಸ್ಥಾನದ ಬಾಗಿಲಲ್ಲಿ ಒತ್ತೊತ್ತಾಗಿ ನುಗ್ಗುವಂತೆ ಅದರ ವೇಗ ಏರುತ್ತದೆ. ಸಮಭಾಜಕ ವೃತ್ತ ದಾಟಿದ ಮೇಲೆ ಭೂಮಿಯ ತಿರುಗುವಿಕೆ ಅದನ್ನು ಬಲಕ್ಕೆ ಬಾಗಿಸುತ್ತದೆ, ಗಾಳಿ ಅರಬ್ಬೀ ಸಮುದ್ರವನ್ನು ಅಡ್ಡ ಹಾಯ್ದು ನಮ್ಮ ಪಶ್ಚಿಮ ಘಟ್ಟಕ್ಕೆ ಬಡಿಯುತ್ತದೆ. ನೆಲದಿಂದ ಒಂದೂವರೆ ಕಿಲೋಮೀಟರ್ ಎತ್ತರದ ಆಸುಪಾಸಿನಲ್ಲಿ ಈ ಪ್ರವಾಹ ಅತ್ಯಂತ ಬಿರುಸು. ಫಿಂಡ್ಲೇಟರ್ ಎಂಬ ಹವಾಮಾನ ತಜ್ಞ 1969ರಲ್ಲಿ ಇದನ್ನು ವಿವರವಾಗಿ ಗುರುತಿಸಿದ. ನಮ್ಮ ಮೆಕ್ಕೆಜೋಳಕ್ಕೆ ಮಳೆ ತರುವ ಮುಂಗಾರಿನ ಬೆನ್ನೆಲುಬು ಇದೇ.

ಈಗ ಕಳ್ಳರ ದೋಣಿಯನ್ನು ನೋಡಿ. ಆರೇಳು ಮೀಟರ್ ಉದ್ದದ ಫೈಬರ್ ದೋಣಿ, ಹಿಂದೆ ಒಂದು ಎಂಜಿನ್, ಐದಾರು ಜನ, ಬಂದೂಕುಗಳು, ತುದಿಗೆ ಕೊಕ್ಕೆಯಿರುವ ಒಂದು ಏಣಿ. ಹಡಗಿನ ಪಕ್ಕಕ್ಕೆ ಬಂದು ಕೊಕ್ಕೆ ಸಿಕ್ಕಿಸಿ ಹತ್ತಬೇಕು. ಅಲೆ ಮೂರು ನಾಲ್ಕು ಮೀಟರ್ ಎದ್ದರೆ ಏಣಿ ನಿಲ್ಲುವುದೇ ಇಲ್ಲ. ನಮ್ಮ ಮಲ್ಪೆಯ ಯಾಂತ್ರಿಕ ದೋಣಿಗಳು ಜೂನ್, ಜುಲೈಯಲ್ಲಿ ದಡದಲ್ಲಿರುವ ಹೊತ್ತಿನಲ್ಲೇ ಅಲ್ಲಿನ ಕಳ್ಳದೋಣಿಗಳೂ ಸುಮ್ಮನಿರುತ್ತವೆ. ಆಫ್ರಿಕಾದ ಕೊಂಬಿನ (ಕಡಲಿಗೆ ಚಾಚಿದ ಸೊಮಾಲಿಯಾದ ಮೂಲೆಯ) ಮರೆಯಲ್ಲಿರುವ ಏಡನ್ ಕೊಲ್ಲಿಯಲ್ಲಿ ಅಷ್ಟಿಷ್ಟು ದಾಳಿ ನಡೆಯಬಹುದು, ತೆರೆದ ಕಡಲಿನಲ್ಲಿ ಕಷ್ಟ. ಹೆಸರಾದ ಅಪಹರಣಗಳ ದಿನಾಂಕಗಳನ್ನೇ ನೋಡಿ: ಯುದ್ಧ ಟ್ಯಾಂಕುಗಳನ್ನು ಹೊತ್ತಿದ್ದ 'ಫೈನಾ' 2008ರ ಸೆಪ್ಟೆಂಬರ್ ಕೊನೆ, ಸೌದಿಯ ದೈತ್ಯ ತೈಲ ಹಡಗು 'ಸಿರಿಯಸ್ ಸ್ಟಾರ್' ಅದೇ ವರ್ಷದ ನವೆಂಬರ್, ಅಮೆರಿಕದ ಸರಕು ಹಡಗು 'ಮರ್ಸ್ಕ್ ಅಲಬಾಮಾ' 2009ರ ಏಪ್ರಿಲ್. ಒಂದೂ ಆಷಾಢದಲ್ಲಿಲ್ಲ. ಆಷಾಢ ಅಶುಭವೆಂದು ಪಂಚಾಂಗ ನೋಡಿ ಅವರು ಕೂರಲಿಲ್ಲ, ಅಲೆ ನೋಡಿ ಕೂತರು.

ಗಾಳಿ ಹೇಳುವುದು ಯಾವಾಗ ಎಂಬುದನ್ನು ಮಾತ್ರ. ಏಕೆ ಎಂಬುದಕ್ಕೆ ಎರಡು ಸಿದ್ಧ ಉತ್ತರಗಳು ಮೊಬೈಲ್‌ನಿಂದ ಮೊಬೈಲ್‌ಗೆ ಓಡಾಡುತ್ತಿವೆ, ಎರಡೂ ನನಗೆ ಬೇಸರ ತರಿಸುತ್ತವೆ. ಒಂದು, ಅವರು ಹುಟ್ಟುಕಳ್ಳರು ಎಂಬುದು. ಇನ್ನೊಂದು, ಹಸಿದ ಮೀನುಗಾರರು ಬಂದೂಕು ಹಿಡಿದರು, ಅಷ್ಟೇ ಎಂಬುದು. ಎರಡನೆಯದು ಅರ್ಧ ಸತ್ಯ. 1991ರಲ್ಲಿ ಸೊಮಾಲಿಯಾದ ಸರ್ವಾಧಿಕಾರಿ ಸಿಯಾದ್ ಬರ್ರೆಯ ಸರ್ಕಾರ ಬಿದ್ದಾಗ ಮೂರು ಸಾವಿರ ಕಿಲೋಮೀಟರಿಗೂ ಉದ್ದದ ಕರಾವಳಿಗೆ ಕಾವಲೇ ಇಲ್ಲದಂತಾಯಿತು. ವಿದೇಶಿ ಟ್ರಾಲರುಗಳು ಮೀನು ಬಾಚಿದವು. ಸ್ಥಳೀಯರು ಅವನ್ನು ಹಿಡಿದು "ದಂಡ" ಕೇಳತೊಡಗಿದರು.

ಆದರೆ ಹಸಿವೊಂದೇ ಕಾರಣವಾಗಿದ್ದರೆ ಎಲ್ಲಕ್ಕಿಂತ ಹಾಳಾದ ಊರಿನಲ್ಲೇ ಕಳ್ಳತನ ಬೆಳೆಯಬೇಕಿತ್ತು. ಹಾಗಾಗಲಿಲ್ಲ. ಅದು ಕೊಬ್ಬಿದ ಜಾಗಗಳಲ್ಲಿ ಮುಖ್ಯವಾದದ್ದು, ಈಶಾನ್ಯ ಸೊಮಾಲಿಯಾದ, ತಕ್ಕಮಟ್ಟಿಗೆ ಆಡಳಿತವಿದ್ದ ಪುಂಟ್‌ಲ್ಯಾಂಡ್ ಪ್ರದೇಶ. ಹಡಗನ್ನು ತಿಂಗಳುಗಟ್ಟಲೆ ನಿಲ್ಲಿಸಿ ಚೌಕಾಸಿ ಮಾಡಬೇಕಾದರೆ ಒತ್ತೆಯಾಳುಗಳಿಗೆ ಊಟ, ಕಾವಲಿಗೆ ಆಳು, ಡೀಸೆಲ್, ಸಾಲ ಕೊಡುವ ಸಾಹುಕಾರ, ಇಂಗ್ಲಿಷ್ ಬಲ್ಲ ದಲ್ಲಾಳಿ ಬೇಕು. ಪೂರ್ತಿ ಅರಾಜಕತೆಯಿದ್ದರೆ ಕಳ್ಳನ ಮನೆಗೇ ಕನ್ನ ಬೀಳುತ್ತದೆ. ಇನ್ನೊಂದು ಕಡೆ, 2006ರಲ್ಲಿ ಇಸ್ಲಾಮಿಕ್ ನ್ಯಾಯಾಲಯಗಳ ಒಕ್ಕೂಟವೆಂಬ ಸಶಸ್ತ್ರ ಸಂಘಟನೆ ದಕ್ಷಿಣ ಮತ್ತು ಮಧ್ಯ ಸೊಮಾಲಿಯಾವನ್ನು ಕೆಲವು ತಿಂಗಳು ಹಿಡಿದಿದ್ದಾಗ ಅಲ್ಲಿ ಕಡಲ್ಗಳ್ಳತನ ಕುಸಿಯಿತು. ಒಕ್ಕೂಟ ಬಿದ್ದ ಮೇಲೆ ಮತ್ತೆ ತಲೆಯೆತ್ತಿತು. 2005ರಿಂದ 2012ರವರೆಗೆ ಸಂದಾಯವಾದ ಒತ್ತೆಹಣ 33.9 ಕೋಟಿಯಿಂದ 41.3 ಕೋಟಿ ಡಾಲರ್ ಎಂದು ವಿಶ್ವಬ್ಯಾಂಕಿನ ಅಧ್ಯಯನ ಅಂದಾಜಿಸಿತು. ಅದರ ಸಿಂಹಪಾಲು ಏಣಿ ಹತ್ತಿದವನಿಗಲ್ಲ, ದಡದಲ್ಲಿ ಬಂಡವಾಳ ಹೂಡಿದವನಿಗೆ.

ಹುಟ್ಟುಕಳ್ಳರು ಎನ್ನುವವರನ್ನು ನಾನು ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಗೆ ಕರೆದೊಯ್ಯಲು ಬಯಸುತ್ತೇನೆ. ಅಲ್ಲಿನ ಉತ್ಖನನದಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಆ ಕಾಲದ ರೋಮನ್ ಹಡಗುಗಳು ಕೆಂಪು ಸಮುದ್ರದ ಬಾಯಿಯಿಂದ ಇದೇ ಮುಂಗಾರಿನ ಬೆನ್ನೇರಿ ನಲವತ್ತು ದಿನಗಳಲ್ಲಿ ಮಲಬಾರ್ ತಲುಪುತ್ತಿದ್ದವೆಂದು ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಚಿಕ್ಕ ದೋಣಿಯನ್ನು ಕಟ್ಟಿಹಾಕುವ ಗಾಳಿ ದೊಡ್ಡ ಹಡಗಿಗೆ ರೆಕ್ಕೆ! ಕಳ್ಳರ ಭಯಕ್ಕೆ ಆ ಹಡಗುಗಳಲ್ಲಿ ಬಿಲ್ಲುಗಾರರ ಪಡೆ ಇರುತ್ತಿತ್ತೆಂದೂ, ಕಳ್ಳರ ನೆಲೆ 'ನಿಟ್ರಿಯಾಸ್' ಎಂದೂ ಅವನ ಮಾತಿದೆ. ಅದನ್ನು ನೇತ್ರಾವತಿಯ ಮುಖದ ಮಂಗಳೂರೆಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ಅಂದು ಕಡಲ್ಗಳ್ಳರೆನಿಸಿಕೊಂಡವರು ನಮ್ಮ ಕರಾವಳಿಯವರು. ಜಾತಿ, ರಕ್ತ, ಹಣೆಬರಹಗಳಿಗೆ ಇದರಲ್ಲಿ ಪಾತ್ರವೇ ಇಲ್ಲ.

ಬಿಲ್ಲುಗಾರರ ಜಾಗದಲ್ಲಿ ಈಗ ಬಂದೂಕುಧಾರಿ ಕಾವಲುಗಾರರು ಬಂದಿದ್ದಾರೆ. ಹಡಗಿನ ಅಂಚಿಗೆ ಮುಳ್ಳುತಂತಿ, ನೀರಿನ ಫಿರಂಗಿ, ಸಿಬ್ಬಂದಿ ಬಾಗಿಲು ಹಾಕಿಕೊಂಡು ಕೂರಲು ಭದ್ರ ಕೋಣೆ, ಇವೆಲ್ಲ ಸೇರಿದವು. ಐರೋಪ್ಯ ಒಕ್ಕೂಟ, ಅಮೆರಿಕ, ಚೀನಾ ನೌಕಾಪಡೆಗಳು ಬಂದವು. ನಮ್ಮದು 2008ರ ಅಕ್ಟೋಬರ್‌ನಿಂದಲೇ ಏಡನ್ ಕೊಲ್ಲಿಯಲ್ಲಿದೆ. 2011ರಲ್ಲಿ 237 ಇದ್ದ ಸೊಮಾಲಿ ದಾಳಿಗಳು 2013ರಲ್ಲಿ 15ಕ್ಕೆ ಇಳಿದವು. ಬಂದೂಕಿಗೆ ಬೆಲೆಯೂ ತೆರಬೇಕಾಯಿತು: 2012ರ ಫೆಬ್ರವರಿಯಲ್ಲಿ ಕೇರಳದ ಕಡಲಿನಲ್ಲಿ 'ಎನ್ರಿಕಾ ಲೆಕ್ಸಿ' ಹಡಗನ್ನು ಕಾಯುತ್ತಿದ್ದ ಇಟಲಿಯ ಯೋಧರು ಕಡಲ್ಗಳ್ಳರೆಂದು ತಿಳಿದು ಹಾರಿಸಿದ ಗುಂಡಿಗೆ ನಮ್ಮ ಇಬ್ಬರು ಮೀನುಗಾರರು ಬಲಿಯಾದರು.

ಎಲ್ಲಕ್ಕಿಂತ ದೊಡ್ಡ ತೊಡಕು ಹಿಡಿದ ಮೇಲಿನದು. ಅಂತರರಾಷ್ಟ್ರೀಯ ಕಡಲಿನಲ್ಲಿ ಯಾವ ದೇಶ ಬೇಕಾದರೂ ಕಡಲ್ಗಳ್ಳರನ್ನು ಹಿಡಿದು ವಿಚಾರಣೆ ಮಾಡಬಹುದೆಂದು ವಿಶ್ವಸಂಸ್ಥೆಯ 1982ರ ಸಮುದ್ರ ಕಾನೂನು ಹೇಳುತ್ತದೆ. ಸಾಕ್ಷಿ, ಜೈಲು, ಖರ್ಚುಗಳ ಹೊರೆ ಯಾರಿಗೂ ಬೇಡವಾಗಿ ಹಿಡಿದವರನ್ನು ಮತ್ತೆ ಮತ್ತೆ ಬಿಟ್ಟುಕಳಿಸಿದರು. ನಮ್ಮ ದಂಡಸಂಹಿತೆಯಲ್ಲೂ ಕಡಲ್ಗಳ್ಳತನಕ್ಕೆಂದೇ ಒಂದು ಕಲಮು ಇರಲಿಲ್ಲ. ಪ್ರತ್ಯೇಕ ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 2022ರ ಡಿಸೆಂಬರ್‌ನಲ್ಲಿ.

ಹಡಗು ಉದ್ಯಮ 2023ರ ಜನವರಿ 1ರಂದು ಹಿಂದೂ ಮಹಾಸಾಗರದ ಅಪಾಯ ವಲಯದ ಪಟ್ಟಿಯನ್ನೇ ತೆಗೆದುಹಾಕಿತು. ಆ ವರ್ಷ ಮುಗಿಯುವ ಮೊದಲೇ, ಡಿಸೆಂಬರ್ 14ರಂದು, 'ರುಯೆನ್' ಎಂಬ ಸರಕು ಹಡಗನ್ನು ಸೊಮಾಲಿ ಕಳ್ಳರು ಅಪಹರಿಸಿದರು. ಮರುವರ್ಷ ಮಾರ್ಚ್‌ನಲ್ಲಿ ನಮ್ಮ ನೌಕಾಪಡೆ ಸುಮಾರು 40 ಗಂಟೆಗಳ ಕಾರ್ಯಾಚರಣೆ ನಡೆಸಿ, ವಿಮಾನದಿಂದ ಕಮಾಂಡೊಗಳನ್ನು ಕಡಲಿಗಿಳಿಸಿ, 17 ಸಿಬ್ಬಂದಿಯನ್ನು ಬಿಡಿಸಿತು. ಶರಣಾದ 35 ಜನರನ್ನು ಮುಂಬೈಗೆ ತಂದು ಪೊಲೀಸರಿಗೆ ಒಪ್ಪಿಸಿತು. ಈ ಬಾರಿ ಕಾನೂನು ಕೈಯಲ್ಲಿತ್ತು.

ಜೋಗಿಮಟ್ಟಿಯಿಂದ ಇಳಿಯುವಾಗ ಆ ಹುಡುಗಿ ಮತ್ತೆ ಕೇಳಿದಳು: "ಗಾಳಿ ನಿಂತ ಮೇಲೆ ಸರ್?" ನಮ್ಮ ಯಂತ್ರಗಳು ನಿಧಾನವಾಗುವ ಹೊತ್ತಿಗೆ ಸೊಮಾಲಿಯಾದ ದಡದಲ್ಲಿ ದೋಣಿಗಳನ್ನು ನೀರಿಗೆ ನೂಕುತ್ತಾರೆ ಎಂದೆ. ಅವುಗಳಲ್ಲಿ ಬಹುಪಾಲು ಹೋಗುವುದು ಮೀನಿಗಾಗಿಯೇ.