ಆರ್ಥರ್ ಕ್ಲೈನ್‌ಮನ್ ಓದುವಾಗ: ಕಾಯಿಲೆ ಬಗ್ಗೆ ರೋಗಿಗೆ ಏನನ್ನಿಸುತ್ತದೆ?

ಮಾನಸಿಕ ಆರೋಗ್ಯವನ್ನು ಮಾನವಶಾಸ್ತ್ರದ ಕಡೆಯಿಂದ ಓದಲು ಶುರು ಮಾಡಿದವರು ಮೊದಲು ಕ್ಲೈನ್‌ಮನ್ ಅವರನ್ನು ಹಿಡಿಯಿರಿ. ಅವರು ಮನೋವೈದ್ಯರೂ ಹೌದು, ಮಾನವಶಾಸ್ತ್ರಜ್ಞರೂ ಹೌದು. 1980ರಲ್ಲಿ ಚೀನಾದ ಹುನಾನ್‌ನಲ್ಲಿ ‘ನರದೌರ್ಬಲ್ಯ’ ಇದೆ ಅನ್ನಿಸಿಕೊಂಡಿದ್ದ 100 ರೋಗಿಗಳನ್ನು ಅವರು ಮಾತಾಡಿಸಿದರು. ತಲೆನೋವು, ಸುಸ್ತು, ನಿದ್ದೆ ಇಲ್ಲ. ಅಮೆರಿಕದ ಮಾನದಂಡ ಇಟ್ಟು ನೋಡಿದರೆ 87 ಜನರಿಗೆ ಖಿನ್ನತೆ ಇತ್ತು. ಈ ಅಧ್ಯಯನದ ಬಗ್ಗೆ ಸಿಗುವ ಸುಮಾರು ನೋಟ್ಸ್ ಇಲ್ಲಿಗೇ ನಿಂತುಬಿಡುತ್ತವೆ. ಮುಖ್ಯ ವಿಷಯ ಇರುವುದೇ ಮುಂದೆ. ಔಷಧಿಯಿಂದ ಹಲವರ ಲಕ್ಷಣಗಳು ತಗ್ಗಿದವು, ಆದರೆ ಕೆಲಸದ ಜಾಗದ ಕಿರಿಕಿರಿ, ಸಂಸಾರದ ತಾಪತ್ರಯ, ಮಾವೋ ಆಳ್ವಿಕೆಯ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ತಿಂದ ಪೆಟ್ಟು ಹಾಗೇ ಉಳಿದವರಿಗೆ ಬದುಕು ಅಷ್ಟಾಗಿ ಹಗುರವಾಗಲಿಲ್ಲ.

ಅದಕ್ಕೇ ಅವರು ರೋಗಿಯನ್ನೇ ಕೇಳಿ ಅನ್ನುತ್ತಾರೆ. ಇದು ಯಾಕೆ ಬಂತು ಅನ್ನಿಸುತ್ತದೆ? ಈಗಲೇ ಯಾಕೆ? ಇದರಲ್ಲಿ ಜಾಸ್ತಿ ಭಯ ಯಾವುದರದ್ದು?

ಗೋವಾದ ಜುವಾರಿನಗರದಲ್ಲಿ ನಮ್ಮ ಉತ್ತರ ಕರ್ನಾಟಕದ ಕೂಲಿ ಕುಟುಂಬಗಳು ತುಂಬಾ ಇವೆ. ಅಲ್ಲಿ ಬಾಗಲಕೋಟೆ ಕಡೆಯ ಅಕ್ಕ ಒಬ್ಬರು, ‘ಎದಿ ಧಸಕ್ ಅಂತೈತ್ರಿ, ಕೈಕಾಲಾಗ ಜೀವಾನ ಇಲ್ಲ’ ಅಂದರು. ಊರಿಗೆ ಹೋದಾಗ ದೇವರ ಹತ್ತಿರ ಕೇಳಿಸಿದ್ದರು, ಇಲ್ಲಿ ಟಾನಿಕ್ಕೂ ಕುಡಿದಿದ್ದರು. ಭಯ ಯಾವುದರದ್ದು ಅಕ್ಕಾ ಅಂತ ಕೇಳಿದಾಗ ಬಂದ ಉತ್ತರ: ‘ನಾ ಮಲಗಿಬಿಟ್ರ ಊರಿನ ಸಾಲ ಯಾರು ತೀರಸ್ತಾರ್ರಿ?’ ಖಿನ್ನತೆ ಅಳೆಯುವ ಪಿಎಚ್‌ಕ್ಯು-9 ಪ್ರಶ್ನಾವಳಿಯಲ್ಲಿ ಸುಸ್ತಿಗೆ, ನಿದ್ದೆಗೆ ಅಂಕ ಇದೆ. ಈ ಸಾಲಕ್ಕೆ ಜಾಗ ಇಲ್ಲ.

ಹಾಗಂತ ಪ್ರಶ್ನಾವಳಿ ಸುಮ್ನೆ ಅಂತಲ್ಲ. ಇದೇ ಗೋವಾದಲ್ಲಿ ಮಾನಸಿಕ ಆರೋಗ್ಯದ ಕೆಲಸ ಮಾಡುವ ಸಂಗಾತ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆ ಇರುವವರನ್ನು ಗುರುತಿಸಿ, ತರಬೇತಿ ಕೊಟ್ಟ ಸಾಮಾನ್ಯ ಜನರಿಂದಲೇ 6ರಿಂದ 8 ಭೇಟಿಗಳ ಆಪ್ತಸಮಾಲೋಚನೆ ಕೊಡಿಸಿತು, ಅದರಿಂದ ಉಪಯೋಗವಾಯಿತು ಅಂತ 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಂದರೆ ಖಿನ್ನತೆ ಅನ್ನುವುದು ಪರದೇಶದವರ ಕಲ್ಪನೆ ಅಂತ ತಳ್ಳಿಹಾಕುವ ಹಾಗಿಲ್ಲ, ಅಲ್ವಾ?

ಇನ್ನೊಂದು ಕಡೆ ಎಡವಬೇಡಿ. ಮಾನಸಿಕ ಕಾಯಿಲೆ ಗುರುತಿಸಲು ಅಮೆರಿಕದ ಮನೋವೈದ್ಯರು ಮಾಡಿದ ಕೈಪಿಡಿ, 2013ರ ಡಿಎಸ್‌ಎಂ-5ರಲ್ಲಿ ಸಾಂಸ್ಕೃತಿಕ ಸಂದರ್ಶನಕ್ಕೆ ಅಂತ 16 ಪ್ರಶ್ನೆಗಳಿವೆ, ಒಳ್ಳೆಯದೇ. ಆದರೆ ದೇವರ ಹತ್ತಿರ ಕೇಳಿಸಿದ್ದನ್ನು ಮಾತ್ರ ‘ಸಂಸ್ಕೃತಿ’ ಅಂತ ಬರೆದುಕೊಂಡು, ಕೂಲಿ, ಬಾಡಿಗೆ, ಸಾಲವನ್ನು ಬಿಟ್ಟರೆ ಆ ಅಕ್ಕನ ಅರ್ಧ ಮಾತು ಬಿಟ್ಟ ಹಾಗೆ. ಕೇಸ್ ಬರೆಯುವಾಗ ಅಂಕದ ಪಕ್ಕದಲ್ಲೇ ಅವರು ಆಡಿದ ಮಾತನ್ನು ಅವರ ಭಾಷೆಯಲ್ಲೇ ಬರೆಯಿರಿ, ಸಾಲದ ವಿಷಯಕ್ಕೆ ಯಾರ ಹತ್ತಿರ ಕಳಿಸಬಹುದು ಅನ್ನುವುದನ್ನೂ ಸೇರಿಸಿ.