ಕೋಸು ಕಹಿಯಾದರೆ ಅದು ಔಷಧದ ಗುರುತೇ?

ಪ್ರಶ್ನೆ: ನಾವಿರುವುದು ಪುಣೆಯ ಕೋಥರೂಡ್‌ನಲ್ಲಿ. ಡಿಸೆಂಬರ್‌ನಲ್ಲಿ ತಂದ ಎಲೆಕೋಸು ಹಸಿಯಾಗಿಯೇ ತಿನ್ನುವಷ್ಟು ಸಿಹಿಯಾಗಿತ್ತು. ಏಪ್ರಿಲ್‌ನಲ್ಲಿ ಅದೇ ಅಂಗಡಿಯಿಂದ ತಂದ ಕೋಸಿನ ಪಚಡಿ ಮಾಡಿದರೆ ಕಹಿ, ಮೂಗಿಗೆ ಘಾಟು. ಹುಳಕ್ಕೆ ಹೊಡೆದ ಔಷಧ ಒಳಗಿಳಿದು ಹೀಗಾಗುತ್ತದೆಯೇ?

ಉತ್ತರ: ಇಲ್ಲ. ಆ ಕಹಿ, ಆ ಘಾಟು ಎರಡೂ ಗಿಡದವೇ. ಬೇಸಿಗೆ ಬಂತೆಂದರೆ ಪುಣೆ, ಮುಂಬೈಯ ಕನ್ನಡದ ಮನೆಗಳಲ್ಲಿ ಈ ಅನುಮಾನ ಏಳುತ್ತದೆ, ಪಾಪ ರೈತನ ಮೇಲೆ ಆರೋಪ ಬೀಳುತ್ತದೆ. ಹಾಗೆಂದು ಸಿಹಿ ಕೋಸೆಲ್ಲ ಔಷಧವಿಲ್ಲದ್ದು ಎಂದೂ ಅಲ್ಲ. ಔಷಧದ ಉಳಿಕೆಯನ್ನು ನಾಲಿಗೆ ಪತ್ತೆಹಚ್ಚಲಾರದು, ಅದಕ್ಕೆ ಪ್ರಯೋಗಾಲಯವೇ ಬೇಕು.

ಘಾಟು ಎಲ್ಲಿಂದ ಬರುತ್ತದೆಂದು ತಿಳಿಯಲು ಒಗ್ಗರಣೆ ಡಬ್ಬಿ ಸಾಕು. ಸಾಸಿವೆ, ಕೋಸು, ಹೂಕೋಸು, ನವಿಲುಕೋಸು, ಮೂಲಂಗಿ ಎಲ್ಲ ಒಂದೇ ಕುಟುಂಬದವು. ಒಣ ಸಾಸಿವೆ ಕಾಳನ್ನು ಮೂಸಿದರೆ ವಾಸನೆಯೇ ಇಲ್ಲ. ಅದನ್ನೇ ನೀರು ಚಿಮುಕಿಸಿ ಅರೆಯಿರಿ, ಕೆಲವೇ ನಿಮಿಷದಲ್ಲಿ ಕಣ್ಣಲ್ಲಿ ನೀರು. ಬಿಸಿ ಎಣ್ಣೆಯಲ್ಲಿ ಸಿಡಿಸಿದರೆ ಆ ಖಾರ ಹುಟ್ಟುವುದೇ ಇಲ್ಲ. ಕಾಳಿನಲ್ಲಿ ಸಿನಿಗ್ರಿನ್ ಎಂಬ ಗಂಧಕದ ಸಂಯುಕ್ತವಿದೆ. ಮೈರೋಸಿನೇಸ್ ಎಂಬ ಕಿಣ್ವ ಬೇರೆ ಜೀವಕೋಶಗಳಲ್ಲಿ ಇರುತ್ತದೆ. ಅರೆದಾಗ, ಕೊಯ್ದಾಗ, ಹುಳ ಕಡಿದಾಗ ಎರಡೂ ಕೂಡಿ ಸಾಸಿವೆಯ ಘಾಟು ಹುಟ್ಟುತ್ತದೆ. ಕಾದ ಎಣ್ಣೆಯಲ್ಲಿ ಕಿಣ್ವ ಸತ್ತುಹೋಗುತ್ತದೆ. ಸಿನಿಗ್ರಿನ್ ಗ್ಲುಕೋಸಿನೊಲೇಟ್‌ಗಳೆಂಬ ದೊಡ್ಡ ಗುಂಪಿಗೆ ಸೇರಿದ್ದು. ಕೋಸಿನಲ್ಲೂ ಇದಿದೆ, ಜೊತೆಗೆ ಇನ್ನೂ ಹಲವಿವೆ. ಕೋಸಿನ ಕಹಿಯೂ ಇವುಗಳಿಂದಲೇ.

ಇವುಗಳನ್ನು ಎಷ್ಟು ತಯಾರಿಸಬೇಕೆಂಬುದು ಹಾರ್ಮೋನುಗಳ ಕೈಯಲ್ಲಿದೆ. ಮುಖ್ಯವಾದದ್ದು ಜಾಸ್ಮೊನೇಟ್. ಈ ಬಳಗದ ಮೀಥೈಲ್ ಜಾಸ್ಮೊನೇಟ್ ಮೊದಲು ಸಿಕ್ಕಿದ್ದು 1962ರಲ್ಲಿ, ಜಾಜಿ ಹೂವಿನ ಎಣ್ಣೆಯಲ್ಲಿ. ಹುಳ ಎಲೆಯನ್ನು ಕಡಿದ ನಿಮಿಷಗಳಲ್ಲೇ ಗಿಡ ತನ್ನ ಪೊರೆಯ ಕೊಬ್ಬಿನಾಮ್ಲದಿಂದ ಜಾಸ್ಮೊನೇಟ್ ತಯಾರಿಸಲು ತೊಡಗುತ್ತದೆ. ಸಾಮಾನ್ಯ ದಿನಗಳಲ್ಲಿ ರಕ್ಷಣೆಯ ಜೀನುಗಳನ್ನು ಜಾಜ್ ಎಂಬ ಪ್ರೋಟೀನುಗಳು ಅದುಮಿ ಹಿಡಿದಿರುತ್ತವೆ. ಜಾಸ್ಮೊನೇಟ್ ಏರಿತೆಂದರೆ ಈ ಜಾಜ್‌ಗಳು ಕರಗಿ, ಜೀನುಗಳು ಚಾಲೂ ಆಗಿ, ಗ್ಲುಕೋಸಿನೊಲೇಟ್ ಸಂಗ್ರಹ ಏರುತ್ತದೆ. ಅದರಲ್ಲೂ ಇಂಡೋಲ್ ವರ್ಗದವು ಹೆಚ್ಚಾಗಿ ಏರುತ್ತವೆ, ಅವುಗಳಿಗೂ ಕಹಿಯಿದೆ. ಬ್ರೊಕೊಲಿಯ ಮೇಲೆ ಮೀಥೈಲ್ ಜಾಸ್ಮೊನೇಟ್ ಸಿಂಪಡಿಸಿದಾಗ, ಒಂದು ಹುಳವೂ ಇಲ್ಲದೆ ಇದೇ ಏರಿಕೆ ಕಂಡಿದೆ.

ಕೀಟಗಳೆಲ್ಲ ಕಡಿದು ತಿನ್ನುವುದಿಲ್ಲ. ಸಸ್ಯಹೇನು ಎಲೆಗೆ ಸೂಜಿ ಚುಚ್ಚಿ ರಸ ಹೀರುತ್ತದೆ, ಎಲೆ ಹರಿಯುವುದೇ ಇಲ್ಲ. ಆಗ ಹಲವು ವೇಳೆ ಏರುವುದು ಸ್ಯಾಲಿಸಿಲಿಕ್ ಆಮ್ಲ, ಆಸ್ಪಿರಿನ್ನಿನ ಹತ್ತಿರದ ಸಂಬಂಧಿ. ಇದು ಏರಿದಾಗ ಜಾಸ್ಮೊನೇಟ್ ದಾರಿ ಅನೇಕ ಸಲ ತಗ್ಗುತ್ತದೆ. ಒಂದೇ ಗಿಡಕ್ಕೆ ಹೇನೂ ಹುಳವೂ ಹತ್ತಿದರೆ ಲೆಕ್ಕ ತಪ್ಪುವುದು ಹೀಗೆ.

ಇಷ್ಟೆಲ್ಲ ಮಾಡಿದರೂ ಡೈಮಂಡ್‌ಬ್ಯಾಕ್ ಪತಂಗದ ಹುಳ ಬಿಡುವುದಿಲ್ಲ. ಅದರ ಹೊಟ್ಟೆಯಲ್ಲಿರುವ ಒಂದು ಕಿಣ್ವ, ಮೈರೋಸಿನೇಸ್ ಕೆಲಸಕ್ಕಿಳಿಯುವ ಮೊದಲೇ ಗ್ಲುಕೋಸಿನೊಲೇಟ್‌ನ ಸಲ್ಫೇಟ್ ತುಂಡನ್ನು ಕತ್ತರಿಸುತ್ತದೆ. 2002ರಲ್ಲಿ ಇದು ಬೆಳಕಿಗೆ ಬಂತು. ಗಿಡದ ವಿಷವೇ ಈ ಪತಂಗಕ್ಕೆ ಮೊಟ್ಟೆ ಇಡುವ ಜಾಗದ ಗುರುತು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದನ್ನೇ ಉಪಯೋಗಿಸಿಕೊಂಡು, 25 ಸಾಲು ಕೋಸಿಗೆ 2 ಸಾಲು ಸಾಸಿವೆ ಹಾಕಿ ಎಂದು ರೈತರಿಗೆ ಸಲಹೆ ಕೊಟ್ಟಿತು. ಪತಂಗ ಕೋಸನ್ನು ಬಿಟ್ಟು ಸಾಸಿವೆಗೆ ಹೋಗುತ್ತದೆ. ನನಗೆ ಬಹಳ ಇಷ್ಟವಾದ ಉಪಾಯ ಇದು. ಔಷಧದ ಖರ್ಚೂ ಇಳಿಯುತ್ತದೆ.

ಇನ್ನು ನಿಮ್ಮ ಏಪ್ರಿಲ್ ಕೋಸಿನ ವಿಷಯ. ಕಡಿತ ಒಂದೇ ಕಾರಣವಲ್ಲ. ಬಿಸಿಲು, ನೀರಿನ ಕೊರತೆ, ಬೇಸಿಗೆಯಲ್ಲಿ ಹೆಚ್ಚುವ ಹುಳದ ಕಾಟ ಎಲ್ಲ ಸೇರಿ ಗ್ಲುಕೋಸಿನೊಲೇಟ್ ಏರಿಸುತ್ತವೆ. ಚಳಿಯಲ್ಲಿ ಬೆಳೆದದ್ದರಲ್ಲಿ ಸಕ್ಕರೆ ಹೆಚ್ಚಿ ಇದ್ದಷ್ಟು ಕಹಿಯೂ ಗೊತ್ತಾಗುವುದಿಲ್ಲ. ತಳಿ ಯಾವುದು, ಮಣ್ಣಿನಲ್ಲಿ ಗಂಧಕ ಎಷ್ಟು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಕೊಯ್ದು ಮಾರ್ಕೆಟ್ ಯಾರ್ಡ್‌ಗೆ ಬಂದ ಮೇಲೂ ಕೋಸು ಸತ್ತಿರುವುದಿಲ್ಲ. 2013ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಅಂಗಡಿಯಿಂದ ತಂದ ಕೋಸನ್ನು 12 ತಾಸು ಬೆಳಕು, 12 ತಾಸು ಕತ್ತಲಲ್ಲಿಟ್ಟರು. ಹಗಲಿನ ಹೊತ್ತಿಗೆ ರಕ್ಷಣೆಯ ಸಂಯುಕ್ತ ಏರಿ, ರಾತ್ರಿ ಇಳಿಯಿತು. ಹುಳಗಳ ದಿನಚರಿಯೂ ಕೋಸಿನದೂ ಒಂದೇ ತಾಳದಲ್ಲಿದ್ದಾಗ ಅವು ಕಡಿಮೆ ತಿಂದವು. ಸದಾ ಕತ್ತಲಿರುವ ಫ್ರಿಜ್‌ನಲ್ಲಿ ಈ ಏರಿಳಿತ ನಡೆಯುವುದು ಕಷ್ಟ.

ಅಡುಗೆಯಲ್ಲಿ ಮಾಡಬಹುದಾದದ್ದು ಇಷ್ಟು. ಘಾಟು ಬೇಡವಾದರೆ ಹೆಚ್ಚಿದ ಕೂಡಲೇ ಕುದಿಯುವ ನೀರಿಗೆ ಹಾಕಿ. ಕಿಣ್ವ ಸತ್ತು ಹೊಸ ಘಾಟು ಹುಟ್ಟುವುದಿಲ್ಲ, ಬಹಳಷ್ಟು ಗ್ಲುಕೋಸಿನೊಲೇಟ್ ನೀರಿಗಿಳಿಯುತ್ತದೆ. ಆ ನೀರು ಚೆಲ್ಲಿದರೆ ಕಹಿಯೂ ಹೋಗುತ್ತದೆ, ಜೊತೆಗೆ ಒಂದಷ್ಟು ಸಿ ಜೀವಸತ್ವವೂ. ಘಾಟೇ ಇಷ್ಟವಾಗುವವರು ಹೆಚ್ಚಿದ ಮೇಲೆ ಹತ್ತು ನಿಮಿಷ ಬಿಟ್ಟು ಪಚಡಿಗೆ ಹಾಕಲಿ.